ಅರ್ಚನಾಳ ಮೂರು ಕುರಿ, ಸಿದ್ರಾಯನ ಕಡಲು

"ಹೆಣಾ... ಹೆಣಾ ಇಳಸಾಕತ್ತಾರ ನೋಡ್ರಿ!"

ಘಟಪ್ರಭಾ ಸ್ಟೇಷನ್ನಿನಲ್ಲಿ ಯಾರೋ ಹೀಗೆ ಕೂಗಿದ್ದೇ ತಡ, ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಎದ್ದು ನಿಂತರು.

ಹುಬ್ಬಳ್ಳಿ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿಯ ಕೊನೆಯ ಡಬ್ಬಿಯಿಂದ ಒಬ್ಬ ಯುವಕ ಇಳಿಯುತ್ತಿದ್ದ. ಅವನ ತಲೆಯ ಮೇಲೆ ಕರಿ ಕಂಬಳಿಯಲ್ಲಿ ಸುತ್ತಿ, ಹಗ್ಗದಿಂದ ಬಿಗಿದ ಒಂದು ಉದ್ದನೆಯ ವಸ್ತು. ಮನುಷ್ಯನಿಗಿಂತ ಉದ್ದ!

ಜನ ಹಿಂದೆ ಸರಿದು ದಾರಿ ಬಿಟ್ಟರು. ಸರಿಯದೆ ನಿಂತವಳು ಒಬ್ಬಳೇ.

ಅರ್ಚನಾ.

ಸ್ಟೇಷನ್ನಿನ ಎದುರಿನ ಆನ್‌ಲೈನ್ ಸೆಂಟರಿನ ಬಾಗಿಲು ತೆಗೆಯಲು ಅವಳು ಹೊರಟಿದ್ದಳು. ಕೈಯಲ್ಲಿದ್ದ ಕೀಲಿ ಕೆಳಗೆ ಬಿತ್ತು. ಅವಳ ಕಣ್ಣಿಗೆ ಪ್ಲಾಟ್‌ಫಾರ್ಮ್ ಕಾಣಲಿಲ್ಲ. ಧುಪದಾಳದ ಹೊಳೆದಂಡೆ ಕಂಡಿತು. ಮಹಾಪೂರ ಇಳಿದ ಮೇಲೆ ನಾಲ್ಕು ಜನ ಹೀಗೆಯೇ ಕರಿ ಕಂಬಳಿಯಲ್ಲಿ ಸುತ್ತಿ ತಂದಿದ್ದು ಅವಳ ಅಣ್ಣ ಮಹೇಶನನ್ನು. ಕುರಿಗಳು ಕೊಚ್ಚಿಹೋಗುತ್ತಿವೆ ಎಂದು ನೀರಿಗೆ ಹಾರಿದ ಅಣ್ಣ! ಕುರಿಗಳು ಈಜಿ ದಂಡೆಗೆ ಬಂದವು. ಅವನು ಬರಲಿಲ್ಲ.

"ಇಳಸ್ರಿ!" ಅವಳ ದನಿ ಸೀಳಿ ಬಂತು. "ಕೆಳಗ ಇಳಸ್ರಿ ಅದನ್ನ! ಯಾರದು? ಯಾರ ಮಗಾ ಅದು?"

"ಅಕ್ಕಾರ, ಇದು..."

ಅವನ ಮಾತು ಮುಗಿಯುವ ಮುಂಚೆಯೇ ಅವಳು ಕಂಬಳಿಯ ತುದಿ ಹಿಡಿದು ಜಗ್ಗಿಬಿಟ್ಟಳು. ಹಗ್ಗ ಸಡಿಲಾಗಿ ಕಂಬಳಿ ಕಳಚಿತು. ಒಳಗಿದ್ದದ್ದು ಒಂದು ಹಳದಿ ಹಲಗೆ! ಮೀನಿನ ಹಾಗೆ ತುದಿ ಚೂಪು, ಕೆಳಗೆ ಮೂರು ರೆಕ್ಕೆ.

ಇಡೀ ಸ್ಟೇಷನ್ ಬಿದ್ದು ಬಿದ್ದು ನಕ್ಕಿತು.

"ಸಮುದ್ರದಾಗ ಅಲೆ ಮ್ಯಾಲ ನಿಂದ್ರೂ ಹಲಗಿ ಐತ್ರಿ ಇದು... ಸರ್ಫಿಂಗ್ ಅಂತಾರ್ರಿ," ಎಂದ ಅವನು ಮೆಲ್ಲಗೆ. ಅವನೊಬ್ಬನೇ ನಗಲಿಲ್ಲ. ಅವಳ ಕಣ್ಣನ್ನು ನೋಡಿದ್ದ.

"ಕಂಬಳ್ಯಾಗ ಸುತ್ತತಾರೇನ್ರಿ ಇಂಥಾದ್ನ? ಮಂದಿ ಜೀವಾ ತಗಿಬೇಕಂತ ಮಾಡೀರೇನು?" ಎಂದು ಅರ್ಚನಾ ಬೈದಳು, ಅತ್ತಳು, ಕೀಲಿ ಎತ್ತಿಕೊಂಡು ಓಡಿಹೋದಳು.

ಪ್ರೀತಿ ಹುಟ್ಟಲು ಜನ ಹೂವಿನ ತೋಟ ಹುಡುಕುತ್ತಾರೆ. ಇವರಿಬ್ಬರದು ಹುಟ್ಟಿದ್ದು ಹೆಣವಲ್ಲದ ಹೆಣದ ಮುಂದೆ, ನೂರು ಜನರ ನಗುವಿನ ನಡುವೆ. ಏನು ಮಾಡುವುದು!

* * *

ಮರುದಿನ ಅವನು ಅಂಗಡಿಯ ಮುಂದೆ ನಿಂತಿದ್ದ. ಹಲಗೆ ಬರಿಮೈಯಲ್ಲಿ ಗೋಡೆಗೆ ಒರಗಿತ್ತು.

"ಕಂಬಳಿ ಮನ್ಯಾಗ ಇಟ್ಟ ಬಂದೇನ್ರಿ," ಎಂದ. "ಚಹಾದಂಗಡ್ಯಾಗ ಹೇಳಿದ್ರು, ನಿಮ್ಮಣ್ಣಾರ ಸುದ್ದಿ. ನನಗ ಗೊತ್ತಿರಲಿಲ್ರಿ. ತಪ್ಪಾತು."

ಅಣ್ಣ ಹೋದ ಮೇಲೆ ಎಷ್ಟೋ ಜನ ಸಮಾಧಾನ ಹೇಳಿದ್ದರು. 'ತಪ್ಪಾತು' ಎಂದವರು ಯಾರೂ ಇರಲಿಲ್ಲ.

ಅವನ ಹೆಸರು ಸಿದ್ರಾಯ. ಮೂಡಲಗಿ ಕಡೆಯ ಕುರುಬರ ಹುಡುಗ. ಅಪ್ಪ ಪರಸಪ್ಪ ಇವತ್ತಿಗೂ ಹಿಂಡು ಕಟ್ಟಿಕೊಂಡು ಊರೂರು ತಿರುಗುತ್ತಾನೆ. ಮಗ ಗೋಕರ್ಣದ ಕಡಲತೀರದಲ್ಲಿ ಮುಳುಗುವವರನ್ನು ಎತ್ತುವ ಕೆಲಸಕ್ಕೆ ಸೇರಿ, ಅಲ್ಲಿ ಸರ್ಫಿಂಗ್ ಕಲಿತು, ಈಗ ಬೇರೆಯವರಿಗೆ ಕಲಿಸುವವನಾಗಿದ್ದ. ಅವನ ಗುರು ಮತ್ತು ಮೂವರು ಗೆಳೆಯರು ಆಫ್ರಿಕಾಕ್ಕೆ ಹೊರಟಿದ್ದರು. ಅಂಗೋಲಾ ದೇಶದ ದಕ್ಷಿಣದ ತುದಿ, ಮರುಭೂಮಿ ನೇರ ಕಡಲಿಗೆ ಇಳಿಯುವ ಜಾಗ. ಡೇರೆ ಹಾಕುವುದು, ಅಡುಗೆ, ನೀರು ಎಲ್ಲವನ್ನೂ ನೋಡಿಕೊಳ್ಳಲು ಸಿದ್ರಾಯನನ್ನು ಕರೆದಿದ್ದರು. ಜೊತೆಗೆ ಅವನ ಪಾಲಿನ ಅಲೆಗಳೂ ಸಿಗುತ್ತಿದ್ದವು!

"ಅಲ್ಲಿ ಏನೈತ್ರಿ?" ಎಂದು ಕೇಳಿದಳು ಅರ್ಚನಾ.

"ಏನೂ ಇಲ್ರಿ. ರಸ್ತಾ ಇಲ್ಲ, ಅಂಗಡಿ ಇಲ್ಲ, ಫೋನ್ ಹತ್ತೂದಿಲ್ಲ. ಒಂದು ಅಲೆ ಐತಿ ಅಂತಾರ. ಒಮ್ಮೆ ಅದರ ಮ್ಯಾಲ ಎದ್ದ ನಿಂತ್ರ, ಇಲ್ಲಿಂದ ಆ ಸಿಗ್ನಲ್ ಕಂಬದ ತನಕಾ ಹೊಕ್ಕೈತಂತ!"

"ಅಷ್ಟಕ್ಕ ಅಷ್ಟ ದೂರ ಹೋಗ್ತೀರಿ?"

"ಹೌದ್ರಿ, ಅಷ್ಟಕ್ಕ."

ಅವನು ನಾಚಿಕೊಂಡು ನಕ್ಕ. ಅವಳಿಗೆ ಸಿಟ್ಟು ಬಂತು. ನೀರಿಗೆ ಬೀಳಲು ಕಡಲು ದಾಟಿ ಹೋಗುವವನು ಎಂಥ ಹುಚ್ಚ! ಆದರೂ ಕಂಪ್ಯೂಟರಿನಲ್ಲಿ ಆ ಕರಾವಳಿಯ ಚಿತ್ರ ತೆಗೆದಳು. ಒಂದು ಕಡೆ ಹಳದಿ ಮರಳು, ಒಂದು ಕಡೆ ನೀಲಿ ನೀರು, ನಡುವೆ ಬಿಳಿ ಗೆರೆ. ಒಂದು ಮರ ಇಲ್ಲ, ಒಂದು ಮನೆ ಇಲ್ಲ.

"ನೀರ ಎಲ್ಲಿ ಕುಡೀತೀರಿ?"

"ಒಯ್ಯೂದ್ರಿ."

"ಎಷ್ಟ ದಿನಕ್ಕ ಆಕ್ಕೈತಿ? ತೀರಿದ ಮ್ಯಾಲ? ಒಬ್ಬಾವಾ ಮುಂದ ಹೋಗಿ ನೋಡಿ ಬರೂದಿಲ್ಲೇನ್ರಿ? ಕುರುಬರ ಮಗಾ ಆಗಿ ಇಷ್ಟೂ ತಿಳಿಯೂದಿಲ್ಲ?"

ಅವನು ಅವಳನ್ನೇ ನೋಡಿದ. "ನೀವು ಕೂಡ..."

"ಹೂಂ, ನಾವೂ ಕುರುಬರ. ಧುಪದಾಳದ ಮಾಲಿಂಗಪ್ಪನ ಮಗಳು."

ಅಲ್ಲಿಂದ ಶುರುವಾಯಿತು. ಆಧಾರ್ ತಿದ್ದುಪಡಿ, ಬೆಳೆವಿಮೆ, ಪಡಿತರ ಚೀಟಿಯ ಗದ್ದಲ ಮುಗಿದ ಮೇಲೆ ಅಂಗೋಲಾ! ಹಿಂಡು ಹೊರಡುವ ಮೊದಲು ಅಪ್ಪ ಹೇಗೆ ಯೋಚಿಸುತ್ತಿದ್ದನೋ ಹಾಗೆಯೇ ಅರ್ಚನಾ ಯೋಚಿಸಿದಳು. ವಾರಕ್ಕೊಮ್ಮೆ ಒಬ್ಬರು ಜೀಪಿನಲ್ಲಿ ಮೀನುಗಾರರ ಊರಿಗೆ ಬಂದು ನೀರು ತುಂಬಿಕೊಳ್ಳಬೇಕು. ಆ ಊರಿನಲ್ಲಿ ಒಂದೇ ವಸತಿಗೃಹ, ಅದರ ಫೋನ್ ನಂಬರು ಹುಡುಕಿಟ್ಟಳು. ದಾರಿಯ ಒಂದು ಕಡೆ ಮರಳಿನ ಗುಡ್ಡ ಕಡಲಿಗೆ ಅಂಟಿಕೊಂಡೇ ನಿಂತಿತ್ತು. ನೀರು ಇಳಿದಾಗ ಮಾತ್ರ ಅಲ್ಲಿ ಜೀಪು ದಾಟಬಹುದು. ಹೊತ್ತು ತಪ್ಪಿದರೆ ಕಡಲು ಜೀಪನ್ನು ನುಂಗುತ್ತದೆ! ಯಾವ ದಿನ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ ಎಂಬುದನ್ನೆಲ್ಲ ಅವಳೇ ಹುಡುಕಿ, ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ ಕೊಟ್ಟಳು.

ವಾರ ಕಳೆದಂತೆ 'ರಿ' ಬಿದ್ದುಹೋಯಿತು. ನೀವು ಹೋಗಿ ನೀನು ಆಯಿತು. ಅಂಗಡಿಯ ಮಾಲೀಕ ಸುನೀಲ ಇದನ್ನೆಲ್ಲ ನೋಡಿಯೂ ನೋಡದವನಂತೆ ಹೊರಗೆ ಹೋಗಿ ಚಹಾ ಕುಡಿಯುವುದನ್ನು ಕಲಿತ. ಪುಣ್ಯಾತ್ಮ!

* * *

ಒಂದು ಭಾನುವಾರ ಸಿದ್ರಾಯ ಧುಪದಾಳಕ್ಕೆ ಬಂದ. ಮನೆಯ ಹಿಂದೆ ಮಾಲಿಂಗಪ್ಪನ ಹಟ್ಟಿ. ಕುರಿಗಳ ನಡುವೆ ಮೂರು ಅಪ್ಪಟ ಕರಿ ಕುರಿಗಳು.

ಅವನು ಒಂದರ ಕಿವಿ ಹಿಡಿದು ನೋಡಿದ. ಎಡಗಿವಿಯ ತುದಿ ಸೀಳಿತ್ತು. ಉಳಿದ ಕುರಿಗಳಿಗೆ ಬಲಗಿವಿಯ ಗುರುತು.

"ಇವು ಮೂರೂ ನಿನ್ನವು," ಎಂದ.

ಅರ್ಚನಾ ನಾಚಿದಳು. ಅವರ ಮನೆತನಗಳಲ್ಲಿ ಮಗಳು ಹುಟ್ಟಿದ ವರ್ಷ ಒಂದು ಹೆಣ್ಣುಮರಿಯ ಕಿವಿಗೆ ಬೇರೆ ಗುರುತು ಹಾಕಿ ಬಿಡುತ್ತಾರೆ. ಆ ಕುರಿಯ ಪೀಳಿಗೆಯೆಲ್ಲ ಮಗಳದು. ಮದುವೆ ಮಾತಾದ ಮೇಲೆ ಮೊದಲು ಹೋಗುವುದು ಅವಳ ಕುರಿಗಳು, ಗಂಡಿನ ಮನೆಯ ಹಿಂಡಿಗೆ. ಆಮೇಲೆ ಅವಳು. ಯಾರ ಹಿಂಡಿನಲ್ಲಿ ಯಾವ ಗುರುತಿನ ಕಿವಿ ಇದೆ ಎಂದು ನೋಡಿದರೆ ಸಾಕು, ಯಾರ ಮಗಳು ಯಾರ ಸೊಸೆಯಾಗುತ್ತಿದ್ದಾಳೆ ಎಂದು ಕುರುಬರಿಗೆ ತಿಳಿಯುತ್ತದೆ. ಲಗ್ನಪತ್ರಿಕೆ ಬೇಕಾಗಿಲ್ಲ!

"ಮೂರ ಕುರಿ... ಯಾವ ಹಿಂಡಿಗೆ ಹೊಕ್ಕಾವ?" ಅವನು ಕುರಿಯ ಬೆನ್ನು ಸವರುತ್ತ ಕೇಳಿದ. ಅವಳತ್ತ ನೋಡಲಿಲ್ಲ.

ಅವಳು ಉತ್ತರ ಕೊಡಬೇಕು, ಅಷ್ಟರಲ್ಲಿ ಹೊಳೆಯ ಅಣೆಕಟ್ಟಿನ ಮೇಲಿಂದ ನೀರು ಧುಮುಕುವ ಸದ್ದು ಕಿವಿಗೆ ಬಿತ್ತು. ಅದೇ ನೀರು. ಅದೇ ಸದ್ದು... ಮಹೇಶ!

"ನೀರಿಗೆ ಇಳಿಯಾವರ ಮ್ಯಾಲ ನಾ ಜೀವಾ ಇಡಾಂಗಿಲ್ಲ, ಸಿದ್ರಾಯ. ಒಮ್ಮೆ ಇಟ್ಟು ಸಾಕಾಗೇತಿ."

ಬಾಯಿಂದ ಬಂದುಬಿಟ್ಟಿತು. ಅವನು ಕುರಿಯ ಕಿವಿ ಬಿಟ್ಟ. ಮುಖ ಬಾಡಿತು. "ಖರೇ ಐತಿ ನಿನ್ನ ಮಾತು," ಎಂದಷ್ಟೇ ಹೇಳಿ ಎದ್ದು ಹೋದ.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನೋಡುತ್ತಲೇ ಇದ್ದಳು. 'ಯಾಕೆ ಹಾಗಂದೆ? ಜೀವ ಇಟ್ಟಾಗಿದೆಯಲ್ಲ! ಇಟ್ಟು ಎಷ್ಟೋ ದಿನವಾಯಿತಲ್ಲ!'

ಹೇಳಲು ಆಗದ್ದನ್ನು ಕೈಯಿಂದ ಮಾಡಿ ತೋರಿಸಬೇಕು ಎಂದುಕೊಂಡಳು. ಆ ಕರಾವಳಿಯಲ್ಲಿ ಈಗ ಚಳಿಗಾಲ, ಮಂಜು ಮೈ ಕೊರೆಯುತ್ತದೆ ಎಂದು ಅವಳೇ ಓದಿದ್ದಳು. ತನ್ನ ಮೂರು ಕುರಿಗಳ ಉಣ್ಣೆಯಿಂದ ಒಂದು ಕಂಬಳಿ ನೇಯಿಸಬೇಕು. ಸ್ಟೇಷನ್ನಿನಲ್ಲಿ ಜಗ್ಗಿದ್ದು ಬಿಟ್ಟರೆ, ಅಣ್ಣ ಹೋದ ದಿನದಿಂದ ಅವಳು ಕಂಬಳಿ ಮುಟ್ಟಿರಲಿಲ್ಲ. ಈಗ ಮುಟ್ಟಿದರೆ ಇವನಿಗಾಗಿ!

ಹತ್ತರಗಿಯಲ್ಲಿ ಅಪ್ಪನ ತಂಗಿ ಸುಂದ್ರವ್ವ ಇದ್ದಳು. ಅವಳು ನೂತ ಎಳೆಗೆ ಸಾಟಿಯಿರಲಿಲ್ಲ, ಅವಳ ಗಂಡ ಮಗ್ಗದಲ್ಲಿ ಕುಳಿತರೆ ಏಳುತ್ತಿರಲಿಲ್ಲ. ಅರ್ಚನಾ ಟಂಟಂ ರಿಕ್ಷಾ ಬಾಡಿಗೆಗೆ ಹಿಡಿದು ಮೂರೂ ಕುರಿಗಳನ್ನು ಅತ್ತೆಯ ಮನೆಗೆ ಕಳಿಸಿದಳು. ಕುರಿ ತೊಳೆದು, ಉಣ್ಣೆ ಕತ್ತರಿಸಿ, ಕಂಬಳಿ ಆಗುವವರೆಗೆ ಅಲ್ಲಿಯೇ ಇರಲಿ ಎಂದಳು. ಯಾರಿಗೆಂದು ಹೇಳಲಿಲ್ಲ. ಸಿದ್ರಾಯನಿಗಂತೂ ಮೊದಲೇ ಹೇಳಲಿಲ್ಲ. ಹೊರಡುವ ದಿನ ಹೆಗಲಿಗೆ ಹೊದಿಸಿದರೆ ಸಾಕು, ಅವನಿಗೆ ಎಲ್ಲ ತಿಳಿಯುತ್ತದೆ ಎಂದುಕೊಂಡಳು.

ಓಣಿಯ ಸಾವಿತ್ರವ್ವ ಕೇಳಿದಳು, "ಏನಬೇ ಅರ್ಚನಾ, ಕುರಿ ಆಗಳೇ ಅತ್ತಿ ಹಟ್ಟಿಗೆ ಹ್ವಾದುವಂತ? ನೀ ಯಾವಾಗ ಹೊಂಟಿ?"

ಅವಳು ನಕ್ಕು ಮುಂದೆ ಹೋದಳು. ಆ ಅತ್ತೆಗೆ ಭೀಮೇಶ ಎಂಬ ಮದುವೆಯಾಗದ ಮಗನಿದ್ದಾನೆ ಎಂಬುದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ನಾಲ್ಕೂರಿನ ಜನರ ಅರ್ಜಿ ಓದಿ ತುಂಬಿಕೊಡುವ ಹುಡುಗಿ, ತನ್ನ ಕುರಿಗಳು ಊರಿಗೆಲ್ಲ ಏನು ಹೇಳುತ್ತಿವೆ ಎಂಬುದನ್ನು ಮಾತ್ರ ಓದಲಿಲ್ಲ!

* * *

ಸಿದ್ರಾಯ ಹೊರಡುವ ಹಿಂದಿನ ದಿನ ಅಂಗಡಿಗೆ ಬರುತ್ತೇನೆಂದಿದ್ದ. ಕಂಬಳಿ ಮಗ್ಗದಿಂದ ಇಳಿದಿತ್ತು. ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದ್ದೇವೆ, ಬೆಳಿಗ್ಗೆ ಕಳಿಸುತ್ತೇವೆ ಎಂದು ಅತ್ತೆ ಫೋನ್ ಮಾಡಿದ್ದಳು. ಅರ್ಚನಾ ಅವತ್ತು ಹಸಿರು ಸೀರೆ ಉಟ್ಟಿದ್ದಳು.

ಮಧ್ಯಾಹ್ನವಾಯಿತು. ಸಂಜೆಯಾಯಿತು. ಅವನು ಬರಲಿಲ್ಲ.

ಫೋನಿಗೆ ಒಂದು ಸಂದೇಶ ಬಂತು.

'ನಾ ಹೊಂಟೇನ್ರಿ. ನೀವು ಮಾಡಿದ ಉಪಕಾರ ಮರೆಯಾಂಗಿಲ್ರಿ. ನಿಮಗ ಎಲ್ಲಾ ಒಳ್ಳೇದಾಗಲಿ.'

ಹೊಂಟೇನ್ರಿ... ಮರೆಯಾಂಗಿಲ್ರಿ... ನಿಮಗ...

'ರಿ ಯಾಕೆ? ನಿನ್ನೆ ಮೊನ್ನೆಯವರೆಗೆ ನಾನು ನಿನಗೆ ನೀನು ಆಗಿದ್ದೆನಲ್ಲ! ಈಗ ಯಾಕೆ ಪರಕೀಯಳಾದೆ?'

ಅವಳು ಫೋನ್ ಮಾಡಿದಳು. ಬಂದ್ ಆಗಿತ್ತು. ಮತ್ತೆ ಮಾಡಿದಳು. ಬಂದ್. ಅಂಗಡಿಯ ಕುರ್ಚಿಯಲ್ಲಿ ಕುಳಿತು, ಹಸಿರು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಸುನೀಲ ಬಾಗಿಲವರೆಗೆ ಬಂದವನು ಹಾಗೆಯೇ ಹಿಂದಕ್ಕೆ ಹೋದ.

ಅತ್ತೆಗೆ ಫೋನ್ ಮಾಡಿ, "ಕಂಬಳಿ ಅಲ್ಲೇ ಇರಲಿ ಅತ್ತಿ, ಈಗ ಬ್ಯಾಡ," ಎಂದುಬಿಟ್ಟಳು. ಕುರಿಗಳನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಯಾವುದರ ಮೇಲೂ ಮನಸ್ಸಿರಲಿಲ್ಲ.

'ನಾನು ಅವನಿಗೆ ನಕಾಶೆ ತೆಗೆದುಕೊಡುವ ಹುಡುಗಿ. ಅಷ್ಟೇ. ಕೆಲಸ ಮುಗಿಯಿತು, ನಮಸ್ಕಾರ ಹೇಳಿ ಹೋದ.' ಹೀಗೆಂದುಕೊಂಡರೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಸ್ವಲ್ಪ ಹಗುರ. ಮರುಕ್ಷಣವೇ ಅವನು ಕಂಬಳಿ ಬಿಚ್ಚಿಟ್ಟು ಬಂದು 'ತಪ್ಪಾತು' ಎಂದದ್ದು ನೆನಪಾಗಿ, ಮತ್ತೆ ಮುಳುಗುತ್ತಿದ್ದಳು.

ಮಳೆಗಾಲ ಶುರುವಾಯಿತು. ಹೊಳೆ ಕೆಂಪಾಯಿತು. ಅರ್ಚನಾ ಸರಿಯಾಗಿ ಉಣ್ಣುತ್ತಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಅದೇ ಚಿತ್ರ ತೆಗೆಯುತ್ತಿದ್ದಳು. ಹಳದಿ ಮರಳು, ನೀಲಿ ನೀರು, ನಡುವೆ ಬಿಳಿ ಗೆರೆ. ಆ ಬಿಳಿ ಗೆರೆಯ ಮೇಲೆ ಎಲ್ಲೋ ಅವನಿದ್ದಾನೆ. ಬೆರಳಿಟ್ಟು ಹುಡುಕಿದರೂ ಸಿಗುವುದಿಲ್ಲ.

ಮಾಲಿಂಗಪ್ಪ ಮಗನನ್ನು ಕಳೆದುಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದ. ಒಂದು ಸಂಜೆ ರೊಟ್ಟಿ ಮುರಿಯುತ್ತ ಬಾಯಿಬಿಟ್ಟ.

"ಸುಂದ್ರವ್ವ ಕೇಳಾಕತ್ತಾಳ ಬೇ. ಭೀಮೇಶ ಚಲೋ ಹುಡುಗ. ನೀರಿಗೆ ಇಳಿಯಾವಲ್ಲ, ಗಟ್ಟಿ ನೆಲದ ಮ್ಯಾಲ ಇರಾವ. ನೀ ಕಣ್ಣ ಮುಂದ ಇರ್ತಿ. ಮಂದೀನೂ ಆಗಳೇ ಮಾತಾಡಾಕತ್ತಾರ. ಏನಂತಿ?"

"ವಿಚಾರ ಮಾಡ್ತೇನಿ ಅಪ್ಪಾ."

ಮರುದಿನವೇ ಅವಳು ತಡೆಯಲಾರದೆ ಗೋಕರ್ಣದ ಸರ್ಫಿಂಗ್ ಶಾಲೆಗೆ ಫೋನ್ ಮಾಡಿದಳು. ಅಲ್ಲಿದ್ದವನು ತಡವರಿಸಿದ.

"ಅವರು ಈ ವಾರ ನೀರಿಗೆ ಊರಿಗೆ ಬರಬೇಕಿತ್ತು ಮೇಡಂ. ಬಂದಿಲ್ಲ. ಹೋದ ವಾರವೂ ಬಂದಿಲ್ಲವಂತೆ. ವಸತಿಗೃಹದವರೂ ಜೀಪು ಕಂಡಿಲ್ಲ ಅಂತಾರೆ. ಯಾರನ್ನೋ ಹುಡುಕಲು ಕಳಿಸ್ತಾರಂತೆ... ನೋಡೋಣ."

ಅವಳು ಕಂಪ್ಯೂಟರಿನಲ್ಲಿ ಮತ್ತೆ ಆ ಚಿತ್ರ ತೆಗೆದಳು.

ಆ ಮರಳಿನ ಗುಡ್ಡ! ಕಡಲಿಗೆ ಅಂಟಿದ ಆ ದಾರಿ! ನೀರು ಇಳಿಯುವ ಹೊತ್ತನ್ನು ಬರೆದುಕೊಟ್ಟವಳು ಯಾರು?

'ನಾನು. ನಾನೇ! ಇಲ್ಲಿಯ ಹೊತ್ತು ಬೇರೆ, ಅಲ್ಲಿಯ ಹೊತ್ತು ಬೇರೆ. ಲೆಕ್ಕ ತಪ್ಪಿದೆನಾ? ಅಣ್ಣನನ್ನು ಹೊಳೆ ಒಯ್ದಿತು. ಇವನನ್ನು... ಇವನನ್ನು ನಾನೇ ನೀರಿಗೆ ಕೊಟ್ಟೆನಾ?'

ಆ ಸಂಜೆ ಅವಳು ಅಪ್ಪನ ಮುಂದೆ ನಿಂತಳು. ಮುಖದಲ್ಲಿ ಏನೂ ಇರಲಿಲ್ಲ. ಅತ್ತು ಅತ್ತು ಖಾಲಿಯಾಗಿತ್ತು.

"ನೀ ಹೆಂಗಂತೀ ಹಂಗ ಅಪ್ಪಾ. ನಾನ ಹತ್ತರಗಿಗೆ ಹೋಗಿ ಅತ್ತಿಗೆ ಹೇಳಿ ಬರ್ತೇನಿ."

* * *

ಹತ್ತರಗಿಯಲ್ಲಿ ಅತ್ತೆ ಸಂತೆಗೆ ಹೋಗಿದ್ದಳು. ಹಟ್ಟಿಯಲ್ಲಿ ಭೀಮೇಶ ಒಬ್ಬನೇ ಕುರಿಗಳಿಗೆ ನೀರು ಹೊಯ್ಯುತ್ತಿದ್ದ. ಹೆದ್ದಾರಿಯ ಮೇಲೆ ಲಾರಿಗಳು ಒಂದೇ ಸಮ ಓಡುತ್ತಿದ್ದವು. ಅವಳ ಮೂರೂ ಕುರಿಗಳು ಓಡಿಬಂದು ಅವಳ ಕೈ ಮೂಸಿದವು. ಉಣ್ಣೆ ಕತ್ತರಿಸಿ ಬೋಳಾಗಿ ಗುರುತೇ ಸಿಗದಂತಿದ್ದವು.

"ನಿನ್ನ ಕಂಬಳಿ ಒಳಗೈತಿ," ಎಂದ ಭೀಮೇಶ. "ಯಾರಿಗೆ ನೇಯ್ಸೀ ಅದನ್ನ? ನಮ್ಮಪ್ಪ ಕೇಳಾಕತ್ತಿದ್ದ. ಗಂಡಮಗನ ಉದ್ದಕಿಂತಾ ಉದ್ದ ಐತಿ."

ಅವಳು ಕುರಿಯ ಬೆನ್ನು ಸವರಿದಳು.

"ಆ ಹಲಗಿ ಹುಡುಗಗೇನ?"

ಅರ್ಚನಾ ಬೆಚ್ಚಿದಳು. "ನಿನಗ ಹೆಂಗ ಗೊತ್ತು?"

"ಬಂದಿದ್ನಲ್ಲ ಇಲ್ಲಿಗೆ. ಮುಂಬೈ ಬಸ್ಸಿನಾವ್ರು ಹಲಗಿ ಹಾಕ್ಕೋತಾರೇನು ಅಂತ ಕೇಳಾಕ ಹೆದ್ದಾರಿಗೆ ಬಂದಿದ್ದ. ಬಿಸಲಿತ್ತು. ನೀರ ಕೊಡ್ರಿ ಅಂದ, ಕೊಟ್ನಿ. ಕುಡ್ಯಾಕತ್ತಾವಾ ನಿನ್ನ ಕುರಿ ನೋಡಿದ. ಬಗ್ಗಿ ಎಡಗಿವಿ ಹಿಡದ ನೋಡಿದ. ಒಂದರದು, ಆಮ್ಯಾಲ ಇನ್ನೊಂದರದು, ಮೂರೂವು. 'ಯಾವಾಗ ಬಂದಾವ್ರಿ ಇವು?' ಅಂದ. ಬಂದ ಹದಿನೈದ ದಿನಾತು ಅಂದ್ನಿ. ಅಷ್ಟ. ಅರ್ಧಾ ನೀರ ಹಂಗ ಬಿಟ್ಟು ಹ್ವಾದ."

"ಯಾವತ್ತು?"

"ಅಂವಾ ಹೊಂಟ್ನಲ್ಲ ಪರದೇಶಕ್ಕ, ಅದರ ಹಿಂದಿನ ದಿನಾ."

ಅವಳು ಒಂದು ಕುರಿಯ ಕಿವಿ ಹಿಡಿದು ನೋಡಿದಳು.

ಎಡಗಿವಿಯ ಸೀಳು. ಸೋದರತ್ತೆಯ ಹಿಂಡು. ಮದುವೆಯಾಗದ ಭೀಮೇಶ. 'ನೀರಿಗೆ ಇಳಿಯಾವರ ಮ್ಯಾಲ ನಾ ಜೀವಾ ಇಡಾಂಗಿಲ್ಲ.' ಎಲ್ಲ ಒಂದಕ್ಕೊಂದು ಹೊಂದಿಕೊಂಡಿತು. ಸಿದ್ರಾಯ ಎಂಥ ಅಲೆಯ ಹುಡುಗನಾದರೂ ಕುರುಬರ ಮಗ! ಕಿವಿ ನೋಡಿದ, ಓದಿದ, ಹೋದ. ಇನ್ನೇನು ಕೇಳುತ್ತಾನೆ?

"ಅಯ್ಯೋ..." ಅವಳು ಕುರಿಗಳ ನಡುವೆಯೇ ಕುಸಿದು ಕುಳಿತಳು. "ಅಯ್ಯೋ ಭೀಮೇಶ, ಉಣ್ಣಿ ಸಲುವಾಗಿ ಕಳಿಸಿದ್ನೋ! ಅವನಿಗೆ ಕಂಬಳಿ ಮಾಡಾಕ ಕಳಿಸಿದ್ನೋ! ಅಂವಾ ತಪ್ಪ ತಿಳಕೊಂಡ ಹ್ವಾದ. ಈಗ ಎಲ್ಲದಾನೋ... ಅದಾನೋ ಇಲ್ಲೋ!"

ಭೀಮೇಶ ಕೈಯಲ್ಲಿದ್ದ ಕೊಡ ಕೆಳಗಿಟ್ಟ. ಅವನ ಮನಸ್ಸಿನಲ್ಲೂ ಒಂದು ಆಸೆ ಇತ್ತು, ಇಲ್ಲದೇ ಏನು. ಅದನ್ನು ನುಂಗಿಕೊಂಡ.

"ನೀ ಹೂಂ ಅಂತ ಹೇಳಾಕ ಬಂದಿದ್ದಿ ಅಲ್ಲ ಇವತ್ತು?"

ಅವಳು ತಲೆ ಆಡಿಸಿದಳು.

"ಹೇಳಬ್ಯಾಡ. ಬ್ಯಾರೇದಾವನ ಸಲುವಾಗಿ ಅಳಾಕಿ ನನ್ನ ಮನ್ಯಾಗ ಬ್ಯಾಡ. ಕುರಿ ಹೊಡಕೊಂಡ ಹೋಗು. ಅವ್ವಗ ನಾ ಹೇಳ್ತೇನಿ. ಬೈತಾಳ, ಬೈಲಿ."

ಅರ್ಚನಾ ಕಂಬಳಿ ಹೆಗಲಿಗೆ ಹಾಕಿಕೊಂಡಳು. ಭೀಮೇಶ ಟಂಟಂ ತರುತ್ತೇನೆಂದರೂ ಕೇಳಲಿಲ್ಲ. ಜಿನುಗು ಮಳೆಯಲ್ಲಿ, ಹಾಡುಹಗಲಲ್ಲಿ, ಮೂರು ಕುರಿಗಳನ್ನು ಹೊಡೆದುಕೊಂಡು ನಡೆದೇ ಹೊರಟಳು. ಊರುಗಳ ಮುಂದೆ ಜನ ನಿಂತು ನೋಡಿದರು. ಅತ್ತೆಯ ಹಿಂಡಿಗೆ ಹೋದ ಕುರಿಯನ್ನು ಹಿಂದಕ್ಕೆ ತರುವ ಹೆಣ್ಣನ್ನು ಯಾರೂ ಕಂಡಿರಲಿಲ್ಲ. ಮುರಿದ ಸಂಬಂಧವೆಂದು ಊರೆಲ್ಲ ಆಡಿಕೊಳ್ಳುತ್ತದೆ, ಮುಂದೆ ಯಾರೂ ಅವಳನ್ನು ಕೇಳಿಕೊಂಡು ಬರುವುದಿಲ್ಲ. ಅವಳಿಗೆ ಗೊತ್ತಿತ್ತು. ನಡೆದಳು.

ಮಾಲಿಂಗಪ್ಪ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ. ತೊಯ್ದ ಮಗಳನ್ನು ನೋಡಿದ, ಕುರಿಗಳನ್ನು ನೋಡಿದ, ಹೆಗಲ ಮೇಲಿನ ಕಂಬಳಿಯನ್ನು ನೋಡಿದ. ಮಗ ಹೋದ ದಿನದಿಂದ ಮಗಳು ಕಂಬಳಿ ಮುಟ್ಟಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಯಾರಿಗೆ ಬೇ ಇದು?"

"ಮೂಡಲಗಿ ಪರಸಪ್ಪನ ಮಗಗ, ಅಪ್ಪಾ."

"ನೀರಿನಾಗ ಇರ್ತಾನಲ್ಲ, ಅಂವಾ?"

"ಹೂಂ."

ಅಪ್ಪ ಹಟ್ಟಿಯ ಬಾಗಿಲು ತೆಗೆದು ಕುರಿಗಳನ್ನು ಒಳಗೆ ಬಿಟ್ಟ.

ಅರ್ಚನಾ ಫೋನ್ ತೆಗೆದಳು. ಏನು ಬರೆಯುವುದು? ಬರೆದಳು, ಅಳಿಸಿದಳು. ಕೊನೆಗೆ ಒಂದು ಕುರಿಯ ಎಡಗಿವಿಯನ್ನು ಬೆರಳಲ್ಲಿ ಹಿಡಿದಳು. ಹಿಂದೆ ಅಪ್ಪನ ಹಟ್ಟಿಯ ಬಾಗಿಲು, ಪಕ್ಕದಲ್ಲಿ ಇನ್ನೆರಡು ಕರಿ ಕುರಿ. ಫೋಟೋ ತೆಗೆದು ಕಳಿಸಿದಳು.

ಫೋಟೋದ ಕೆಳಗೆ ಒಂದೇ ಟಿಕ್ ಗೆರೆ ಬಿತ್ತು. ಅವನಿಗೆ ತಲುಪಿಲ್ಲ.

ಮರುದಿನವೂ ಒಂದೇ ಗೆರೆ. ಅದರ ಮರುದಿನವೂ...

ಅತ್ತೆ ಬಂದು ಅಂಗಳದಲ್ಲಿ ನಿಂತು ಬೈದು ಹೋದಳು. ಸಾವಿತ್ರವ್ವ ಮುಖ ತಿರುಗಿಸಿದಳು. ಗೋಕರ್ಣದಿಂದ ಯಾವ ಸುದ್ದಿಯೂ ಇರಲಿಲ್ಲ. ಸಂಜೆಯಾದರೆ ಅರ್ಚನಾ ಆ ಕಂಬಳಿ ಹೊದ್ದುಕೊಂಡು ಹೊಳೆದಂಡೆಗೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ಅಣ್ಣ ಹೋದ ಮೇಲೆ ಅವಳು ಅತ್ತ ಸುಳಿದಿರಲಿಲ್ಲ.

"ಮಹೇಶಣ್ಣಾ," ಎಂದಳು ಒಂದು ದಿನ ಕೆಂಪು ನೀರಿಗೆ. "ಹೊಳಿ ನಿನ್ನ ಒಯ್ದಾಗ ನಾ ಯಾರನ್ನೂ ಏನೂ ಕೇಳಲಿಲ್ಲ. ಈಗ ಕೇಳತೇನಿ. ಅವನ್ನ ಅಲ್ಲೆ ದಂಡಿಗೆ ಹಚ್ಚು. ಅಂವಾ ನನಗ ಸಿಗದಿದ್ರೂ ಚಿಂತಿಲ್ಲ. ಬದುಕಿರಲಿ. ಬದುಕಿದ್ರ ಸಾಕು."

ನೀರು ಹರಿಯುತ್ತಲೇ ಇತ್ತು. ಕೈಯಲ್ಲಿದ್ದ ಫೋನಿನಲ್ಲಿ ಅದೇ ಒಂದು ಗೆರೆ. ಅವಳು ಮೊಣಕಾಲಲ್ಲಿ ಮುಖ ಹುದುಗಿಸಿದಳು.

ಫೋನ್ ಬಡಿದುಕೊಂಡಿತು.

ಗುರುತಿಲ್ಲದ ನಂಬರು. ಉದ್ದನೆಯ, ಬೇರೆ ದೇಶದ ನಂಬರು! ಅವಳೇ ಹುಡುಕಿಟ್ಟಿದ್ದ ಆ ವಸತಿಗೃಹದ ನಂಬರು!

"ಹಲೋ..."

ಮೊದಲು ಬರೀ ಭೋರೆನ್ನುವ ಸದ್ದು. ಗಾಳಿಯೋ, ಕಡಲೋ. ಆಮೇಲೆ ಒಡೆದ ದನಿ.

"ಅರ್ಚನಾ..."

ಅವಳು ಎದ್ದು ನಿಂತಳು.

"ಅರ್ಚನಾ, ಕೇಳಾಕತ್ತೈತಿ? ನಾ... ನಾ ಸಿದ್ರಾಯ."

"ಬದುಕೀಯೇನೋ?" ಎಂದಳು. ಅಷ್ಟೇ ಬಂತು ಬಾಯಿಂದ.

"ಅದೀನಿ. ಎಲ್ಲಾರೂ ಅದೀವಿ. ಜೀಪು ಮಳಲಾಗ ಹುಗದಬಿಟ್ಟಿತ್ತು. ದನ ಕಾಯೂ ಮಂದಿ ನೀರು, ಹಾಲು ಕೊಟ್ಟ ಉಳಿಸಿದ್ರು. ಹುಡಕಾಕ ಬಂದಾವ್ರು ಇವತ್ತ ಕರಕೊಂಡ ಬಂದ್ರು."

"ನಾ ಬರದ ಕೊಟ್ಟ ಹೊತ್ತು ತಪ್ಪಿತ್ತೇನು? ಖರೇ ಹೇಳು!"

"ತಪ್ಪಿರಲಿಲ್ಲ. ಗೆಳ್ಯಾರು ಅವಸರ ಮಾಡಿದ್ರು, ನೀರು ಇಳಿಯೂದಕಿಂತ ಮೊದಲ ಹೊಂಟ್ವಿ. ನಿನ್ನ ಮಾತು ಕೇಳಿದ್ರ ಏನೂ ಆಗತಿರಲಿಲ್ಲ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ಕಡಲಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಈ ಕಡೆ ಹೊಳೆಯ ಸದ್ದು.

"ಇಲ್ಲಿ ಬಂದ ಫೋನ್ ಚಾಲೂ ಮಾಡಿದ್ನಿ. ಫೋಟೋ ಬಂತು. ಮಾತಾಡೂದಕ್ಕ ಆಗೂದ್ರಾಗ ಚಾರ್ಜ ಹೋತು, ವಸತಿಗೃಹದ ಫೋನಿನ್ಯಾಗ ಮಾಡಾಕತ್ತೇನಿ... ಕಿವಿ ನೋಡಿದ್ನಿ ಅರ್ಚನಾ. ಹಿಂದ ನಿಮ್ಮಪ್ಪನ ಹಟ್ಟಿ ಬಾಗಿಲಾ ನೋಡಿದ್ನಿ."

"ಏನ್ ತಿಳಕೊಂಡಿ?"

"ಹೊಳ್ಳಿ ಬಂದಾವ ಅಂತ ತಿಳಕೊಂಡ್ನಿ. ಯಾಕ ಹೋಗಿದ್ದುವು?"

"ನಿನಗ ಕಂಬಳಿ ಆಗಾಕ ಹೋಗಿದ್ದುವೋ ಹುಚ್ಚಾ! ಅಲ್ಲಿ ಥಂಡಿ ಐತಿ ಅಂತ ನಾನ ಓದಿದ್ನಲ್ಲ. ಒಂದ ಮಾತು ಕೇಳಬಾರದಾಗಿತ್ತೇನು? ಹ್ವಾದಾವಾ ಸುಮ್ನ ಹೋಗಲಿಲ್ಲ, 'ರಿ' ಹಚ್ಚಿ ಹ್ವಾದಿ!"

ಆ ಕಡೆ ಮೂಗೆಳೆದ ಸದ್ದು. ಅವನು ಅಳುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ನೀರಿಗೆ ಇಳಿಯಾವರ ಮ್ಯಾಲ ಜೀವಾ ಇಡಾಂಗಿಲ್ಲ ಅಂದಿದ್ದಿ," ಎಂದ ಕೊನೆಗೆ.

"ಸುಳ್ಳ ಹೇಳಿದ್ನಿ. ಅವತ್ತಿಗೇ ಇಟ್ಟಾಗಿತ್ತು."

ಮತ್ತೆ ಕಡಲು. ಮತ್ತೆ ಹೊಳೆ.

"ಹಲಗಿ ಮುರದೈತಿ," ಎಂದ ಅವನು. "ಆದ್ರ ಅದಕ್ಕಿಂತಾ ಮೊದಲ ಒಂದ ದಿನಾ ಆ ಅಲೆ ಸಿಕ್ಕಿತ್ತು. ಉದ್ದಕ ಹೋತು, ಖರೇನ ಅಷ್ಟ ಉದ್ದಕ. ಮುಗದ ಮ್ಯಾಲ ಹೊಳ್ಳಿ ನೋಡಿದ್ನಿ. ಇದನ್ನ ಯಾರಿಗೆ ಹೇಳಲಿ ಅಂತ ಅನ್ನಿಸ್ತು. ಅಲ್ಲೇ ನೀರಾಗ ಕುಂತ ಅತ್ನಿ."

"ನನಗ ಹೇಳು."

"ಬಂದ ಹೇಳ್ತೇನಿ." ಅವನು ತಡೆದು, ಹೆದರಿ ಹೆದರಿ ಕೇಳಿದ. "ಅರ್ಚನಾ, ನಮ್ಮಪ್ಪನ ಹಿಂಡಿನ್ಯಾಗ ಮೂರು ಕುರಿಗೆ ಜಾಗಾ ಐತಿ. ಕಳಸ್ತೀಯೇನು?"

ಅವಳು ಕಣ್ಣೊರೆಸಿಕೊಂಡಳು. ಹೆಗಲ ಮೇಲಿನ ಕಂಬಳಿಗೆ ಇನ್ನೂ ಹುಣಸೆಬೀಜದ ಗಂಜಿಯ ವಾಸನೆ ಇತ್ತು.

"ಉಣ್ಣಿ ಬೆಳೀಲಿ, ಕಳಸ್ತೇನಿ. ಬೋಳ ಕುರಿ ಕಳಿಸಿದ್ರ ನಿಮ್ಮವ್ವ ಏನಂದಾಳು?"

"ಕಂಬಳಿ?"

"ಕಂಬಳಿ ಕಳಸೂದಿಲ್ಲ. ನೀನ ಬಂದ ಹೊತ್ಕೋ."

"ಬರ್ತೇನಿ."

"ಬಾ," ಎಂದಳು ಅರ್ಚನಾ. "ದೊಡ್ಡದ ನೇಯ್ಸೇನಿ. ಇಬ್ಬರಿಗೂ ಆಕ್ಕೈತಿ."